ಕಲೆ ತೆಗೆಯುವ ಕೋಣೆ

ನವೆಂಬರ್ 3, 2025, ಸೋಮವಾರ

ಶಿವನಂಜಯ್ಯ ಮತ್ತೆ ಮೋಸ ಮಾಡಿದ್ದಾನೆ. ಅವನ ಪೇಂಟ್ ಅಂಗಡಿಯಿಂದ ಥಿನ್ನರ್ ಕ್ಯಾನು ತಂದು ಇನ್ನೂ ವಾರ ತುಂಬಿಲ್ಲ, ಆಗಲೇ ಅರ್ಧಕ್ಕೆ ಇಳಿದಿದೆ. ಹಣೆ ತುಂಬ ವಿಭೂತಿ ಬಳಿದುಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಾನೆ. ವಿಭೂತಿ ದಪ್ಪವಾದಷ್ಟೂ ಅಳತೆ ತೆಳ್ಳಗಾಗುತ್ತದೆ ಎಂದು ನನಗೆ ಮೊದಲಿನಿಂದಲೂ ಅನುಮಾನ. ಬರೆದಿಡದಿದ್ದರೆ ಯಾರು ಯಾವತ್ತು ಏನು ಮಾಡಿದರು ಎನ್ನುವುದು ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆ ತಿಂಗಳು ಬೇರೆ. ಕೊಳ್ಳೇಗಾಲದ ಸೀರೆ ಅಂಗಡಿಗಳ ಅರ್ಧಕ್ಕರ್ಧ ಕಲೆ ನನ್ನ ಮನೆಗೇ ಬರುವುದು. ಮಗ್ಗದ ಎಣ್ಣೆ, ಊಟದ ಎಲೆಯ ತುಪ್ಪ, ಸೋದರತ್ತೆ ಬಳಿದ ಕಾಡಿಗೆ. ರೇಷ್ಮೆಗೆ ನೀರು ಸೋಕಿಸುವ ಹಾಗಿಲ್ಲ. ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದು, ಪೌಡರ್ ಉದುರಿಸಿ ಇಡಬೇಕು. ಹಿಂದಿನ ಕೋಣೆಯ ಕಿಟಕಿಯನ್ನು ನಾನು ತೆರೆಯುವುದಿಲ್ಲ. ತೆರೆದರೆ ಎದುರು ಮನೆ ಗೋವಿಂದಮ್ಮನ ಕಣ್ಣು ನೇರ ಒಳಗೆ. ಯಾವ ಮದುವಣಗಿತ್ತಿಯ ಸೀರೆಗೆ ಏನು ಬಿತ್ತು ಎಂಬುದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಕೋಣೆಯಲ್ಲಿ ಕೂತು ಎದ್ದರೆ ತಲೆ ಭಾರವಾಗುವುದು ನಿಜ. ಒಂದು ಲೋಟ ಕಾಫಿ ಕುಡಿದರೆ ಸರಿಹೋಗುತ್ತದೆ.

ಧನುಶ್ರೀ ಈಗ ಕೆಲಸಕ್ಕೆ ಕೈಹಾಕುತ್ತಾಳೆ. ತಂಗಿ ಕೋಮಲಳ ಮಗಳು, ಹತ್ತನೇ ತರಗತಿ. ಅವರ ಊರು ಹೂಗ್ಯಂನಿಂದ ದಿನಾ ಕಾಡಂಚಿನ ದಾರಿಯಲ್ಲಿ ಸ್ಕೂಲಿಗೆ ಓಡಾಡುವುದು ಬೇಡ ಎಂದು ಜೂನ್‌ನಲ್ಲಿ ಇಲ್ಲಿಗೆ ತಂದು ಬಿಟ್ಟರು. "ಅಕ್ಕ, ನಿನ್ ಕಣ್ಮುಂದೆ ಇದ್ರೆ ನಂಗೆ ನಿದ್ದೆ ಬತ್ತದೆ" ಅಂದಿದ್ದಳು ಕೋಮಲ. ನನ್ನ ಕಣ್ಣು ತಪ್ಪಿಸಿ ಈ ಮನೆಯಲ್ಲಿ ಇರುವೆಯೂ ಓಡಾಡುವುದಿಲ್ಲ, ಅದು ಅವಳಿಗೂ ಗೊತ್ತು. ದಸರಾ ರಜದಿಂದ ಹುಡುಗಿ ಸಂಜೆ ನನ್ನ ಜೊತೆ ಕೂರುತ್ತಾಳೆ. ಬೆರಳು ಚುರುಕು. ಹಾಗಂತ ಅವಳೆದುರು ಹೇಳಿಲ್ಲ.

ನವೆಂಬರ್ 9, ಭಾನುವಾರ

ಶಿವನಂಜಯ್ಯನಲ್ಲ, ಕಳ್ಳ ಮನೆಯಲ್ಲೇ ಇದ್ದಾನೆ. ಮೊನ್ನೆ ರಾತ್ರಿ ಹೊಸ ಕ್ಯಾನು ತಂದ ಕೂಡಲೇ ಥಿನ್ನರ್ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಹೊರಗಿನಿಂದ ಒಂದು ಕುಂಕುಮದ ಬೊಟ್ಟು ಇಟ್ಟಿದ್ದೆ. ನೆನ್ನೆ ನಾನು ಕೆಲಸಕ್ಕೇ ಕೂತಿಲ್ಲ. ಬೆಳಿಗ್ಗೆ ನೋಡಿದರೆ ಬೊಟ್ಟಿಗಿಂತ ಕೆಳಗಿದೆ.

ಮಹಡಿ ಮೇಲೆ ಬಾಡಿಗೆಗಿರುವ ನಟರಾಜು ಯಳಂದೂರಿನ ತಾಲ್ಲೂಕು ಆಫೀಸಿಗೆ ಬೈಕಿನಲ್ಲಿ ಓಡಾಡುತ್ತಾನೆ. ಭಾನುವಾರ ಬಂದರೆ ಹಿತ್ತಲಲ್ಲಿ ಕೂತು ಬೈಕಿಗೆ ಸ್ನಾನ ಮಾಡಿಸುತ್ತಾನೆ. ನಾನು ನೇರವಾಗಿ ಕೇಳಿದೆ.

"ಏನಕ್ಕ ಇಂಗಂತೀರಿ? ನಿಮ್ ಥಿನ್ನರ್ ನಾನ್ಯಾಕೆ ಮುಟ್ಲಿ? ಚೈನ್ ತೊಳ್ಯಾಕೆ ನಂಗೆ ಡೀಸೆಲ್ ಸಾಕು ಕಣಕ್ಕ."

"ಮುಟ್ಟಿಲ್ಲ ಅಂದ್ರೆ ಸರಿ ಕಣಪ್ಪ. ಮುಟ್ದೋರ ಕೈ ನಾತ ಬತ್ತದೆ. ನೋಡ್ಕತೀನಿ."

ಅವನ ಮುಖ ಕೆಂಪಗಾಯಿತು. ಕಳ್ಳರಿಗೂ ಆಗುತ್ತದೆ, ಮರ್ಯಾದಸ್ಥರಿಗೂ ಆಗುತ್ತದೆ, ಅದರಿಂದ ಏನೂ ತೀರ್ಮಾನ ಮಾಡಲಾಗುವುದಿಲ್ಲ. ಇವತ್ತಿನಿಂದ ಕೋಣೆಗೆ ಬೀಗ. ಒಂದು ಕೀಲಿ ನನ್ನ ಸೊಂಟದಲ್ಲಿ. ಇನ್ನೊಂದನ್ನು ಧನುಶ್ರೀ ಕೈಗೆ ಕೊಟ್ಟು, ಯಾರಿಗೂ ಕೊಡಬೇಡ ಎಂದಿದ್ದೇನೆ.

ನವೆಂಬರ್ 15, ಶನಿವಾರ

ಇವತ್ತು ಬೇರೆ ವಿಷಯ. ಹುಡುಗಿ ಲಿಪ್‌ಸ್ಟಿಕ್ ಹಚ್ಚುತ್ತಿದ್ದಾಳೆ.

ಬಾಯಿಯ ಸುತ್ತ, ಮೂಗಿನ ಕೆಳಗೆ ಕೆಂಪಗಿದೆ. "ಇದೇನೇ?" ಅಂದರೆ "ಚಳಿಗೆ ಒಡ್ದದೆ ದೊಡ್ಡವ್ವ" ಅನ್ನುತ್ತಾಳೆ. ಒದ್ದೆ ಬಟ್ಟೆ ತಂದು ಗಲ್ಲ ಹಿಡಿದು ಒರೆಸಿದೆ. ಬಣ್ಣ ಬರಲಿಲ್ಲ, ಅವಳು ನೋವಿಗೆ ಮುಖ ಹಿಂಡಿದಳು. ಈಗ ನೀರಿಗೆ ಹೋಗದ ಲಿಪ್‌ಸ್ಟಿಕ್ಕೂ ಬಂದಿದೆಯಂತೆ, ಟಿವಿಯಲ್ಲಿ ನೋಡಿದ್ದೇನೆ.

ಸಾಲದ್ದಕ್ಕೆ ಬಾಯಲ್ಲಿ ಸದಾ ಚೂಯಿಂಗ್ ಗಮ್, ಪುದೀನ ವಾಸನೆ. ನಾನು ಕೊಡಿಸಿದ್ದಲ್ಲ. ಒಂದು ನೀಲಿ ಕರ್ಚೀಫು, ಅದೂ ನಾನು ಕೊಡಿಸಿದ್ದಲ್ಲ. ಅದನ್ನು ಅವಳೊಬ್ಬಳೇ ಒಗೆದು, ಮಿಕ್ಕ ಬಟ್ಟೆಯ ಜೊತೆ ಹಾಕದೆ ಬಚ್ಚಲ ಹಿಂದೆ ಒಣಗಿಸುತ್ತಾಳೆ. ಯಾರೋ ಕೊಟ್ಟ ಕರ್ಚೀಫನ್ನು ಯಾಕೆ ಹಾಗೆ ಮುಚ್ಚಿಡುತ್ತಾರೆ ಎನ್ನುವುದು ತಿಳಿಯದಷ್ಟು ದಡ್ಡಿ ನಾನಲ್ಲ.

ಗಂಡುಹುಡುಗನ ವಿಷಯ.

ನವೆಂಬರ್ 17, ಸೋಮವಾರ

ಸ್ಕೂಲಿನವರೆಗೆ ಅವಳಿಗೆ ಗೊತ್ತಾಗದ ಹಾಗೆ ಹಿಂದೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ಲಿನ ಒಬ್ಬ ಹುಡುಗ ಏನೋ ಕೇಳಿದ, ಇವಳು ನಕ್ಕಳು. ಸೈಕಲ್ ಬಣ್ಣ ಹಸಿರು. ಹುಡುಗನಿಗೆ ಇನ್ನೂ ಮೀಸೆ ಬಂದಿಲ್ಲ. ಮೀಸೆ ಬಾರದವರನ್ನೇ ಹೆಚ್ಚು ನಂಬಬಾರದು.

ನವೆಂಬರ್ 25, ಮಂಗಳವಾರ

ಕ್ಲಾಸ್ ಟೀಚರ್ ಕರೆಸಿದ್ದರು. ಧನುಶ್ರೀ ಪಾಠದಲ್ಲಿ ತೂಕಡಿಸುತ್ತಾಳಂತೆ. ಆಗಸ್ಟ್‌ನಲ್ಲಿ ಲೆಕ್ಕದಲ್ಲಿ ಕ್ಲಾಸಿಗೇ ಮೊದಲು ಬಂದವಳು, ಈ ಸಲ ಪೇಪರಿನಲ್ಲಿ ಅರ್ಧ ಖಾಲಿ ಬಿಟ್ಟಿದ್ದಾಳೆ. "ಆರೋಗ್ಯ ಸರಿ ಇದೆಯಾ ಅಮ್ಮ? ಡಾಕ್ಟರಿಗೆ ತೋರಿಸಿದ್ರಾ?" ಎಂದರು. ಈ ಕಾಯಿಲೆಗೆ ಡಾಕ್ಟರು ಏನು ಮಾಡುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಂದೆ.

ಮನೆಯಲ್ಲೂ ನೋಡುತ್ತಿದ್ದೇನೆ. ಒಬ್ಬಳೇ ಕೂತು ಕಿಸಕ್ಕನೆ ನಗುತ್ತಾಳೆ. ಒಂದು ಕ್ಷಣ ಬಿಟ್ಟು ಅದೇ ಕಣ್ಣಲ್ಲಿ ನೀರು. ನೆನ್ನೆ ನೀರಿನ ಬಿಂದಿಗೆ ತರುವಾಗ ಹೊಸಲು ಎಡವಿ ಗೋಡೆಗೆ ಒರಗಿಕೊಂಡಳು. ಕುಡುಕರು ನಡೆಯುವ ಹಾಗೆ ನಡೆಯುತ್ತಾಳೆ, ಆದರೆ ಬಾಯಿ ಮೂಸಿ ನೋಡಿದೆ, ಹೆಂಡದ ವಾಸನೆ ಇಲ್ಲ, ಅದೇ ಪುದೀನ. ಹೊಸ ಅವರೆಕಾಳಿನ ಸಾರಿಗೆ ಪ್ರಾಣ ಬಿಡುತ್ತಿದ್ದವಳು ಮುದ್ದೆಯನ್ನು ತಟ್ಟೆಯಲ್ಲೇ ಮುರಿದಿಟ್ಟು ಏಳುತ್ತಾಳೆ. ಅವಳ ವಯಸ್ಸಿನಲ್ಲಿ ಊಟ ಬಿಡುವುದು ಒಂದೇ ಕಾರಣಕ್ಕೆ.

ಥಿನ್ನರ್ ಕ್ಯಾನು ಮತ್ತೆ ಖಾಲಿ. ಬೀಗ ಹಾಕಿದ ಕೋಣೆಯಲ್ಲಿ ಇದು ಆವಿಯಾಗಿಯೇ ಹೋಗುತ್ತಿರಬೇಕು. ಶಿವನಂಜಯ್ಯ ಮುಚ್ಚಳ ಸರಿಯಿಲ್ಲದ ಕ್ಯಾನು ಕೊಡುತ್ತಿದ್ದಾನೆ.

ಡಿಸೆಂಬರ್ 3, ಬುಧವಾರ

ಕೋಮಲಳ ಫೋನ್.

"ಅಕ್ಕ, ಕೂಸು ಫೋನಲ್ಲಿ ಸರ್ಯಾಗಿ ಮಾತೇ ಆಡಾಕಿಲ್ಲ. ನಾಲ್ಗೆ ತೊದಲ್ದಂಗಾಯ್ತದೆ. ಉಸಾರಾಗವ್ಳಾ?"

"ಉಸಾರು ಜಾಸ್ತಿಯಾಗದೆ ಕಣೇ, ಅದ್ಕೇ ಅಂಗೆ" ಅಂದು ನನ್ನ ಅನುಮಾನವನ್ನೆಲ್ಲ ಹೇಳಿದೆ. ಕರ್ಚೀಫು, ಲಿಪ್‌ಸ್ಟಿಕ್ಕು, ಹಸಿರು ಸೈಕಲ್ಲು.

ಅವಳು ಅಳಲು ಶುರುಮಾಡಿದಳು. "ಇವ್ರಪ್ಪಂಗೆ ಗೊತ್ತಾದ್ರೆ ನಾಳೇನೇ ಬಂದು ಸ್ಕೂಲ್ ಬುಡ್ಸಿ ಕರ್ಕಂಡೋಯ್ತರೆ. ನಮ್ಮೂರ ಚಿಕ್ಕಸಿದ್ದಯ್ಯನ ಮಗನ್ಗೆ ಎಣ್ಣು ಕೇಳ್ತಾವ್ರೆ ಅಂತ ಆಗ್ಲೇ ಒಂದು ಸಲ ಅಂದವ್ರೆ. ಈಗ್ಲೇ ಮಾತಾಡಿಟ್ಕಳಾನ, ವಯಸ್ಸಾದ್ಮೇಲೆ ಮಾಡಾನ ಅಂತಾವ್ರೆ."

ಹುಡುಗಿ ತಪ್ಪು ಮಾಡಿದ್ದರೆ ನಾನೇ ನಾಲ್ಕು ಬಿಗಿದು ದಾರಿಗೆ ತರುತ್ತೇನೆ. ಓದು ಬಿಡಿಸುವುದು ಎಂದರೇನು? ಲೆಕ್ಕದಲ್ಲಿ ಮೊದಲು ಬಂದ ಹುಡುಗಿ. "ನಿನ್ ಗಂಡಂಗೆ ಏನೂ ಏಳ್ಬ್ಯಾಡ. ನಿಜ ಏನು ಅಂತ ಮಾದಪ್ಪನ ಮುಂದೆ ನಾನೇ ಬಾಯ್ ಬುಡುಸ್ತೀನಿ" ಎಂದೆ.

ಮಾತು ಕೊಟ್ಟಾಗಿದೆ. ಸೋಮವಾರ ಒಳ್ಳೆಯ ದಿನ.

ಡಿಸೆಂಬರ್ 10, ಬುಧವಾರ

ಎರಡು ದಿನ ಬರೆಯಲು ಕೂರಲಾಗಲಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸೋಮವಾರ ಸಂಜೆ ದೀಪ ಹಚ್ಚಿ, ಹುಲಿಯ ಮೇಲೆ ಕೂತ ಮಾದಪ್ಪನ ಪಟದ ಮುಂದೆ ತಟ್ಟೆಯಲ್ಲಿ ಕರ್ಪೂರ ಇಟ್ಟೆ. ನಮ್ಮ ಕಡೆ ನಿಜ ಹೊರಡಿಸಲು ಇದಕ್ಕಿಂತ ದೊಡ್ಡ ದಾರಿ ಇಲ್ಲ. ಉರಿಯುವ ಕರ್ಪೂರವನ್ನು ಅಂಗೈಯಿಂದ ತಟ್ಟಿ ಆರಿಸಿ ಆಣೆ ಮಾಡಬೇಕು. ಸತ್ಯವಂತರ ಕೈ ಸುಡುವುದಿಲ್ಲ. ಸುಳ್ಳು ಹೇಳಿದವರನ್ನು ಮಾದಪ್ಪ ನೋಡಿಕೊಳ್ಳುತ್ತಾನೆ. ನನ್ನ ಅವ್ವನೂ ನಮ್ಮಿಬ್ಬರಿಗೆ ಹೀಗೇ ಮಾಡಿಸುತ್ತಿದ್ದಳು.

ಧನುಶ್ರೀ ಕಲೆ ಕೋಣೆಯಲ್ಲಿದ್ದಳು. ಕೂಗಿದ್ದಕ್ಕೆ ಬಾಗಿಲು ತೆಗೆದುಕೊಂಡು ಬಂದಳು. ಕಣ್ಣು ಕೆಂಪಗಿತ್ತು, ನಡೆ ನೆಟ್ಟಗಿರಲಿಲ್ಲ. ಬಲಗೈಯಲ್ಲಿ ಆ ನೀಲಿ ಕರ್ಚೀಫು ಮುದುರಿಕೊಂಡಿತ್ತು. ನನ್ನನ್ನು ನೋಡಿ ಅದನ್ನು ತೋಳಿನೊಳಗೆ ತುರುಕಿಕೊಂಡಳು. ನನಗೆ ಇನ್ನೇನು ಬೇಕಿತ್ತು?

"ಬಾ ಇಲ್ಲಿ. ನಿಂಗೆ ಯಾವ ಉಡ್ಗನ ಸಾವಾಸನೂ ಇಲ್ಲ ಅಂತ ಕರ್ಪೂರ ಆರ್ಸಿ ಆಣೆ ಮಾಡು."

ಅವಳು ನಕ್ಕಳು. "ಉಡ್ಗನಾ? ಯಾವ ಉಡ್ಗನೂ ಇಲ್ಲ ದೊಡ್ಡವ್ವ. ಮಾದಪ್ಪನಾಣೆಗೂ ಇಲ್ಲ."

"ಬಾಯಲ್ಲಿ ಏಳ್ಬ್ಯಾಡ. ಕೈಯಲ್ಲಿ ಏಳು."

ಕರ್ಪೂರ ಹಚ್ಚಿದೆ. ಅವಳು ಅಂಗೈ ಅಗಲಿಸಿ ಅದರ ಮೇಲೆ ತಟ್ಟಿದಳು. ಕರ್ಪೂರ ಆರಲಿಲ್ಲ. ಅವಳ ಅಂಗೈಯೇ ಹತ್ತಿಕೊಂಡಿತು. ಉರಿ ಬೆರಳು ದಾಟಿ ಮಣಿಕಟ್ಟಿಗೆ ಬಂತು, ತೋಳಿನೊಳಗಿದ್ದ ಕರ್ಚೀಫಿಗೆ ಹತ್ತಿತು.

ಒಂದು ಗಳಿಗೆ ನಾನು ಸುಮ್ಮನೆ ನಿಂತೆ. ಇದನ್ನು ಬರೆಯದೆ ಇರಲಾರೆ. ಹುಡುಗಿಯ ಕೈ ಹತ್ತಿ ಉರಿಯುತ್ತಿದೆ, ನಾನು ಮಾದಪ್ಪ ಸುಳ್ಳು ಹಿಡಿದ ಎಂದು ಪಟದ ಕಡೆ ನೋಡುತ್ತಾ ನಿಂತೆ.

ಅವಳು "ದೊಡ್ಡವ್ವಾ" ಎಂದು ಕಿರುಚಿದಾಗ ಮೈಗೆ ಎಚ್ಚರ ಬಂತು. ಸೆರಗಿನಿಂದ ಬಡಿದೆ. ಮಹಡಿಯಿಂದ ನಟರಾಜು ಒಂದೇ ಉಸಿರಿಗೆ ಇಳಿದು ಬಂದು ಬಚ್ಚಲ ಕೊಳದಪ್ಪಲೆಯ ತಣ್ಣೀರನ್ನೇ ಅವಳ ಕೈಮೇಲೆ ಸುರಿದ, ಸುರಿಯುತ್ತಲೇ ಇದ್ದ. ಗೋವಿಂದಮ್ಮ ಬಂದು ಪೇಸ್ಟು ಹಚ್ಚಿ ಅಂದಳು. "ಏನೂ ಅಚ್ಬ್ಯಾಡಿ, ನೀರ್ ಬುಟ್ರೆ ಏನೂ ಬ್ಯಾಡ" ಎಂದು ನಟರಾಜು ಅವಳ ಮೇಲೇ ರೇಗಿದ. ಅವನೇ ಆಟೋ ತಂದ.

ಅಂಗೈ, ಮಣಿಕಟ್ಟು, ಮುಂಗೈ ಅರ್ಧ. ಬಲಗೈ. ಬರೆಯುವ ಕೈ.

ಡಿಸೆಂಬರ್ 11, ಗುರುವಾರ

ಡಾಕ್ಟರಮ್ಮನಿಗೆ ಚಿಕ್ಕ ವಯಸ್ಸು. ಗಾಯಕ್ಕೆ ಕಟ್ಟು ಹಾಕುವಾಗಲೇ ಅವರು ಹುಡುಗಿಯ ಬಾಯಿಯ ಸುತ್ತಲಿನ ಕೆಂಪನ್ನು ನೋಡುತ್ತಿದ್ದರು. ಇವತ್ತು ನನ್ನನ್ನು ಒಳಗೆ ಕೂರಿಸಿಕೊಂಡರು. ಸುಟ್ಟು ಮಿಕ್ಕ ಕರ್ಚೀಫಿನ ತುಂಡು ಅಂಗಿಯ ತೋಳಿಗೆ ಅಂಟಿಕೊಂಡಿತ್ತಂತೆ. ಅದನ್ನು ನನ್ನ ಮುಂದೆ ಹಿಡಿದರು.

"ಇದು ಏನು ವಾಸನೆ ಅಮ್ಮ?"

ಇಪ್ಪತ್ತು ವರ್ಷದಿಂದ ಮೂಗಿಗೆ ಹತ್ತಿದ ವಾಸನೆ.

"ಥಿನ್ನರ್" ಎಂದು ಅವರೇ ಹೇಳಿದರು. "ಮೂಸೋದು ಅಭ್ಯಾಸ ಆಗಿದೆ. ಎರಡು ತಿಂಗಳ ಮೇಲೇ ಆಗಿರಬೇಕು. ಬಾಯಿ ಸುತ್ತ ಈ ಕೆಂಪು ಅದರದ್ದೇ. ನಿದ್ದೆ, ತೊದಲು, ಊಟ ಸೇರದೆ ಇರೋದು, ಎಲ್ಲ ಅದರದ್ದೇ."

ನಾನು ಲಿಪ್‌ಸ್ಟಿಕ್ ಎಂದುಕೊಂಡು ಆ ಹುಣ್ಣನ್ನು ಬಟ್ಟೆಯಲ್ಲಿ ಉಜ್ಜಿದ್ದೆ.

ಇದು ಮಿದುಳನ್ನು, ಈಲಿಯನ್ನು, ಮೂತ್ರಪಿಂಡವನ್ನು ತಿನ್ನುತ್ತದೆ ಎಂದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ಕೌನ್ಸೆಲಿಂಗ್‌ಗೆ ವಾರ ವಾರ ಬರಬೇಕು ಎಂದರು. ಕೊನೆಗೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಯಾಕೆಂದರೆ ನನ್ನಂಥವಳು ಇದನ್ನು ಮರೆಯಬಾರದು.

"ಮೂಸಿದ ಹೊತ್ತಿನಲ್ಲಿ ಎದೆ ಬಡಿತದ ಲಯ ಸುಲಭವಾಗಿ ತಪ್ಪುತ್ತೆ. ಆಗ ಬೆಚ್ಚಿಬೀಳಿಸಿದರೆ, ಹೆದರಿ ಓಡಿದರೆ ಎದೆ ನಿಂತೇ ಹೋಗಬಹುದು. ಮೊದಲನೇ ಸಲ ಮೂಸಿದವರಿಗೂ ಆಗಬಹುದು. ಮುಂದೆ ಯಾವತ್ತಾದರೂ ಕಣ್ಣಿಗೆ ಬಿದ್ದರೆ ಕೂಗಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಮೆಲ್ಲಗೆ ಮಾತಾಡಿಸಿ ಗಾಳಿಗೆ ಕೂರಿಸಿ, ಇಲ್ಲಿಗೆ ಕರೆದುಕೊಂಡು ಬನ್ನಿ. ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ."

ಹುಡುಗಿಯ ಮಂಚದ ಪಕ್ಕ ಬಂದು ಕೂತೆ. ಅವಳೇ ಮಾತು ತೆಗೆದಳು.

"ಮೊದಲ್ನೇ ದಿಸ ನಿನ್ ಕೋಣೇಲಿ ತಲೆ ಸುತ್ತುತು ದೊಡ್ಡವ್ವ. ಆಮೇಲೆ ಒಂಥರಾ ಅಗುರಾಯ್ತು. ಊರು ನೆಪ್ಪಾಗಿ ಸಂಕಟ ಆಯ್ತಿತ್ತಲ್ಲ, ಅದು ಓಯ್ತು. ಮಾರ್ನೆ ದಿಸ ಬೇಕೂಂತ್ಲೇ ಮೂಸ್ದೆ."

"ನಂಗೆ ಒಂದ್ ಮಾತು ಏಳ್ಬಾರ್ದಾಗಿತ್ತಾ ಕೂಸೇ?"

"ಏಳಿದ್ರೆ ನೀನು ನಂಬ್ತಿದ್ಯಾ?"

ಯಾವ ಹುಡುಗನೂ ಇಲ್ಲ ಎಂದು ಅವಳು ಮಾಡಿದ ಆಣೆ ನಿಜವಾಗಿತ್ತು. ನನಗೆ ಕೇಳಲು ಬರಲಿಲ್ಲ. ಕಿಟಕಿ ಮುಚ್ಚಿದವಳು ನಾನು, ಕೀಲಿ ಕೊಟ್ಟವಳು ನಾನು, ಕ್ಯಾನು ಖಾಲಿಯಾದಾಗೆಲ್ಲ ತುಂಬಿಸಿ ತಂದಿಟ್ಟವಳೂ ನಾನೇ.

ಡಿಸೆಂಬರ್ 14, ಭಾನುವಾರ

ನೆನ್ನೆ ಹುಡುಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲಷ್ಟೇ ಊರಿಗೆ ಫೋನ್ ಮಾಡುವ ಧೈರ್ಯ ಬಂತು. ಇವತ್ತು ಕೋಮಲ, ಅವಳ ಗಂಡ ಚಿನ್ನಸ್ವಾಮಿ ಇಬ್ಬರೂ ಹನೂರು ಬಸ್ಸಿನಲ್ಲಿ ಬಂದರು. ಎಲ್ಲವನ್ನೂ ಹೇಳಿದೆ. ಕೋಮಲ ನನ್ನ ಮುಖ ನೋಡಲಿಲ್ಲ. ಮಗಳ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚಿನ್ನಸ್ವಾಮಿ ಎದ್ದು ನಿಂತ. "ಓದೂ ಬ್ಯಾಡ, ಪಟ್ಣವೂ ಬ್ಯಾಡ. ನಡಿ ಮನ್ಗೆ."

ಅಂಥ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಗಲಿಲ್ಲ. "ಹೂಗ್ಯಂನಲ್ಲಿ ಮೂಸಾಕೆ ಬೈಕಿನ ಪೆಟ್ರೋಲಿಲ್ವಾ? ಪಂಚರ್ ಅಂಗ್ಡಿ ಇಲ್ವಾ? ಅಲ್ಲಿಗೋದ್ರೆ ಬುಟ್ಬುಡ್ತಳಾ? ಇಲ್ಲಿ ಡಾಕ್ಟ್ರಮ್ಮ ಅವ್ರೆ, ವಾರ್ವಾರ ನೋಡ್ತರೆ. ಪರೀಕ್ಷೆ ಗಂಟ ನಂಗೆ ಬುಡಿ. ಆಮೇಲೆ ನನ್ ಮುಖ ನೋಡ್ಬ್ಯಾಡಿ ಬೇಕಾದ್ರೆ."

ಅವನು ಹುಡುಗಿಯ ಕಡೆ ನೋಡಿದ. ಅವಳು ತಲೆ ಎತ್ತದೆ, "ದೊಡ್ಡವ್ವನ್ತವೇ ಇರ್ತೀನಿ ಕಣಪ್ಪ" ಅಂದಳು. ಯಾಕೆ ಹಾಗಂದಳೋ ನನಗೆ ಈಗಲೂ ಅನುಮಾನ. ನನ್ನ ಮೇಲಿನ ಪ್ರೀತಿಗೋ, ಆ ಕೋಣೆಯ ಮೇಲಿನ ಆಸೆಗೋ. ಅವಳನ್ನು ಇಲ್ಲೇ ಬಿಟ್ಟು ಅವರು ಹೋದ ಮೇಲೆ ಕ್ಯಾನನ್ನು ಶಿವನಂಜಯ್ಯನ ಅಂಗಡಿಗೇ ವಾಪಸ್ ಇಟ್ಟುಬಂದೆ. ಕಲೆ ಸೀರೆಗಳನ್ನು ಬೇರೆಯವರಿಗೆ ಕೊಡಿ, ನಾನು ಇನ್ನು ಕುಚ್ಚು ಮಾತ್ರ ಕಟ್ಟುತ್ತೇನೆ ಎಂದು ಅಂಗಡಿಗಳಿಗೆಲ್ಲ ಹೇಳಿದೆ.

ಡಿಸೆಂಬರ್ 21, ಭಾನುವಾರ

ಈ ಊರಿನಲ್ಲಿ ಮೂಸಲು ಬಾರದ ವಸ್ತು ಯಾವುದು? ಉಗುರುಬಣ್ಣ, ವೈಟ್ನರ್, ದಪ್ಪ ಮಾರ್ಕರ್ ಪೆನ್ನು, ಚಪ್ಪಲಿ ಅಂಟಿಸುವ ಗೋಂದು, ಪಂಚರ್ ಹಾಕುವ ಸಲ್ಯೂಷನ್. ಇಷ್ಟು ದಿನ ಜನರನ್ನು ನೋಡಿ ಅನುಮಾನ ಪಡುತ್ತಿದ್ದೆ, ಈಗ ಅಂಗಡಿ ಸಾಲು ನೋಡಿದರೂ ಭಯ. ನಾನೇ ಎಲ್ಲವನ್ನೂ ಮೂಸಿ ಮೂಸಿ ನೋಡುತ್ತಿದ್ದೇನೆ. ಸ್ಟೇಷನರಿ ಅಂಗಡಿಯವನು ಇವತ್ತು ನನ್ನನ್ನೇ ವಿಚಿತ್ರವಾಗಿ ನೋಡಿದ.

ಬೈಕನ್ನು ಹಿತ್ತಲಲ್ಲಿ ನಿಲ್ಲಿಸಬೇಡ ಎಂದು ನಟರಾಜುಗೆ ಹೇಳಿದೆ. "ಆಯ್ತಕ್ಕ" ಅಂದು ಬೀದಿಗೆ ತಂದಿಟ್ಟ. ಅವನಿಗೆ ಅವರೆಕಾಳು ಸಾರು ಕೊಟ್ಟು ಕಳಿಸಿದೆ. ಕ್ಷಮೆ ಕೇಳಬೇಕಿತ್ತು, ಸಾರು ಕೊಟ್ಟೆ.

ಹುಡುಗಿಗೆ ನಿದ್ದೆಯಿಲ್ಲ. ಬೆವರುತ್ತಾಳೆ, ಸಿಡುಕುತ್ತಾಳೆ. ನೆನ್ನೆ ತಟ್ಟೆ ಎಸೆದಳು. ನಾನೂ ಬೈದೆ, ಮನೆ ಹಾರಿಹೋಗುವ ಹಾಗೆ. ಇಬ್ಬರೂ ಒಂದೊಂದು ಮೂಲೆಯಲ್ಲಿ ಕೂತೆವು.

ಡಿಸೆಂಬರ್ 29, ಸೋಮವಾರ

ಇವತ್ತು ಧನು ಒಂದು ಮುದ್ದೆ ಪೂರ್ತಿ ತಿಂದಳು. ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾಳೆ. ಕೋಳಿ ಕೆರೆದ ಹಾಗಿದೆ ಎಂದೆ. ನಕ್ಕಳು, ಸರಿಯಾದ ನಗು.

ಜನವರಿ 11, 2026, ಭಾನುವಾರ

ಗಾಯ ಮಾಗಿದೆ, ಹೊಸ ಚರ್ಮ ಬಂದಿದೆ, ಪೆನ್ನು ಹಿಡಿಯಬಲ್ಲಳು. ಡಾಕ್ಟರಮ್ಮ ಹೋದ ವಾರ ಶಭಾಷ್ ಅಂದಿದ್ದರು. ಎಲ್ಲ ಸರಿಹೋಯಿತು ಎಂದು ನಾನು ನಂಬಿದೆ. ಜೀವಮಾನದಲ್ಲಿ ಒಂದು ಸಲ ಅನುಮಾನ ಬಿಟ್ಟೆ, ಅವತ್ತೇ ಹೀಗಾಯಿತು.

ಅಂಗಡಿಯವರು ಮದುವೆ ಸೀರೆಗೆ ಅರ್ಜೆಂಟಾಗಿ ಕುಚ್ಚಿನ ದಾರ ಆರಿಸಿಕೊಡಿ ಎಂದು ಕರೆದರು. ಮಧ್ಯಾಹ್ನ ಹೋಗಿ ಬೇಗನೆ ಬಂದೆ. ಓದುತ್ತಿದ್ದ ಪುಸ್ತಕ ನಡುಮನೆಯಲ್ಲಿ ಮಗುಚಿ ಬಿದ್ದಿತ್ತು. ಹುಡುಗಿ ಇಲ್ಲ. ಹಿತ್ತಲ ಬಾಗಿಲು ಅರ್ಧ ತೆರೆದಿತ್ತು.

ನಟರಾಜು ಯಾರದೋ ತಿಥಿಗೆ ಆಫೀಸಿನವರ ಜೊತೆ ಬಸ್ಸಿನಲ್ಲಿ ಯಳಂದೂರಿಗೆ ಹೋಗಿದ್ದ. ಬೀದಿಯಲ್ಲಿ ಬಿಟ್ಟರೆ ಕಳುವಾದೀತೆಂದು ಬೈಕನ್ನು ಹಿತ್ತಲಿಗೆ ತಂದಿಟ್ಟಿದ್ದ. ಬೈಕಿನ ಪಕ್ಕ ನೆಲ ಒದ್ದೆ, ಪೆಟ್ರೋಲಿನ ವಾಸನೆ. ಗೋಡೆಗೆ ಒರಗಿ ಧನು ಕೂತಿದ್ದಳು. ಬಟ್ಟೆಯ ತುಂಡು ಮೂಗಿಗೆ ಒತ್ತಿಕೊಂಡಿದ್ದಳು, ಕಣ್ಣು ಅರೆಮುಚ್ಚಿತ್ತು.

ನನ್ನ ಬಾಯಿ ತೆರೆದುಕೊಂಡಿತು. ಏನೇನು ಬರುತ್ತಿತ್ತೋ, ಐವತ್ತು ವರ್ಷದ ಅಭ್ಯಾಸ. ಡಾಕ್ಟರಮ್ಮನ ಮಾತು ನೆನಪಾಯಿತು. ಒಂದು ಕೂಗು ಹಾಕಿದರೆ ಇವಳು ಸತ್ತೇಹೋಗಬಹುದು. ಬಾಯಿ ಮುಚ್ಚಿದೆ. ಕಾಲು ಎಳೆದುಕೊಂಡು ಹೋಗಿ, ಅವಳಿಗೆ ಕಾಣುವ ಹಾಗೆ ಸ್ವಲ್ಪ ದೂರದ ಒಗೆಯುವ ಕಲ್ಲಿನ ಮೇಲೆ ಕೂತೆ. ಚೀಲದಿಂದ ದಾರದ ಉಂಡೆ ತೆಗೆದೆ. ಎದೆ ಡವಡವ ಅನ್ನುತ್ತಿತ್ತು. ನನ್ನದು ಬಡಿಯಲಿ, ಅವಳದು ನಿಲ್ಲದಿರಲಿ ಮಾದಪ್ಪ ಎಂದು ಬೇಡಿಕೊಂಡೆ.

"ಧನು, ಈ ಕುಚ್ಗೆ ಗಿಣಿ ಅಸ್ರು ಒಪ್ತದಾ, ಎಲೆ ಅಸ್ರು ಒಪ್ತದಾ?"

ಅವಳು ಕಣ್ಣು ತೆರೆದಳು. ನನ್ನನ್ನು ನೋಡಿದಳು. ಓಡುತ್ತಾಳೆ ಎಂದುಕೊಂಡೆ. ನಾನು ಅವಳ ಮುಖ ನೋಡದೆ ದಾರವನ್ನೇ ನೋಡುತ್ತಾ ಮಾತಾಡಿದೆ. ಮೈಸೂರು ಕಡೆ ಗಂಡಂತೆ, ಕೆಂಪು ಸೀರೆಯಂತೆ, ಮದುವೆ ಹುಡುಗಿಗೆ ಹಸಿರೇ ಬೇಕಂತೆ, ಅವಳತ್ತೆಗೆ ಹಳದಿ ಬೇಕಂತೆ. ಏನೇನೋ. ನನ್ನ ದನಿ ನನಗೇ ಬೇರೆ ಯಾರದೋ ಎನ್ನುವಷ್ಟು ಸಣ್ಣಗಿತ್ತು.

ಬಹಳ ಹೊತ್ತಾದ ಮೇಲೆ ಅವಳ ತುಟಿ ಅಲ್ಲಾಡಿತು. "ಗಿಣಿ... ಗಿಣಿ ಅಸ್ರು."

"ನಂಗೂ ಅಂಗೇ ಅನ್ನುಸ್ತು. ಆ ಬಟ್ಟೆ ಅಲ್ಲೇ ಬುಡು ಮಗ. ಮೆಲ್ಗೆ ಎದ್ ಬಾ, ಇಲ್ಲಿ ಗಾಳಿ ಚೆಂದಾಗದೆ."

ಬಟ್ಟೆ ಕೈಯಿಂದ ಜಾರಿತು. ಅವಳು ಎದ್ದು, ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಮೈ ತಣ್ಣಗಿತ್ತು. ಬೆನ್ನಿನ ಮೇಲೆ ಕೈ ಇಟ್ಟೆ. ಉಸಿರಾಡುತ್ತಿದ್ದಳು. ನಾನು ಅದನ್ನೇ ನೋಡುತ್ತಾ ಕೂತೆ.

"ಬಯ್ಯಿ ದೊಡ್ಡವ್ವ."

"ಬಯ್ತೀನಿ. ಇವತ್ ಬ್ಯಾಡ."

ಆಗ ಅವಳು ಅತ್ತಳು. ನನ್ನ ತೊಡೆಯ ಮೇಲಿದ್ದ ಗಿಣಿ ಹಸಿರು ದಾರ ಒದ್ದೆಯಾಯಿತು, ಅದನ್ನು ಅಂಗಡಿಗೆ ವಾಪಸ್ ಕೊಡುವ ಹಾಗಿಲ್ಲ. ಅವಳ ಉಸಿರು ಹದಕ್ಕೆ ಬಂದ ಮೇಲೆ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಎದೆ ಪರೀಕ್ಷೆ ಮಾಡಿದರು, ಸಂಜೆಯವರೆಗೆ ಮಲಗಿಸಿಕೊಂಡಿದ್ದು ಕಳಿಸಿದರು. ಇದು ಮತ್ತೆ ಮತ್ತೆ ಎಳೆಯುತ್ತದೆ, ಸೋತೆವು ಎಂದುಕೊಳ್ಳಬೇಡಿ, ನಾಳೆ ಇಬ್ಬರೂ ಬನ್ನಿ ಎಂದರು. ಕೋಮಲಳಿಗೂ ಫೋನ್ ಮಾಡಿ ಮುಚ್ಚುಮರೆ ಇಲ್ಲದೆ ಹೇಳಿದೆ. ನಾಳೆ ಮೊದಲ ಬಸ್ಸಿಗೇ ಬರುತ್ತಾಳಂತೆ.

ಮನೆಗೆ ಬಂದು ಒದ್ದೆ ದಾರವನ್ನು ಒಣಗಲು ಹರವಿದೆ.

ದೀಪ ಹಚ್ಚುವ ಹೊತ್ತಿಗೆ ಗೋವಿಂದಮ್ಮ ಬಾ‌ಗಿಲಿಗೆ ಬಂದಳು. ಇಣುಕಲು ನೆಪ ಹುಡುಕುತ್ತಿದ್ದಳೋ ಏನೋ.

"ಏನ್ರಮ್ಮ ಶಿವರತ್ನಮ್ಮ, ಮಧ್ಯಾಹ್ನ ನಿಮ್ಮನೇಲಿ ಸದ್ದೇ ಇರ್ನಿಲ್ಲ. ಯಾರೂ ಇರ್ನಿಲ್ವಾ?"

ಒಳಗೆ ಧನು ಮಗ್ಗುಲು ಬದಲಾಯಿಸಿದ್ದು ಕೇಳಿಸಿತು.

"ಇದ್ವಿ ಕಣ್ರಿ" ಎಂದೆ. "ಇಬ್ರೂ ಇದ್ವಿ."